ಲ್ಯಾಬ್ ಮೇಡಂ ಮತ್ತು ಆ ಇಂಜೆಕ್ಷನ್ ಡಬ್ಬಿ

ನಮ್ಮ ಲ್ಯಾಬ್ ಮೇಡಂಗೆ ಎಡಗಡೆಯ ಹುಬ್ಬು ಅರ್ಧವೇ ಇತ್ತು. ಮೂಗಿನ ಪಕ್ಕದ ಅರ್ಧ ದಟ್ಟವಾಗಿ ಕಪ್ಪಗಿತ್ತು. ಕಣ್ಣಿನ ಕೊನೆಗೆ ಬರುತ್ತಾ ಬೋಳಾಗಿ, ಸುಟ್ಟ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಸ್ಪಿರಿಟ್ ದೀಪದ ಉರಿಯಲ್ಲಿ ತಂತಿ ಕಾಯಿಸುವಾಗ ಗಾಜಿನ ತಟ್ಟೆಯ ಮೇಲೆ ಬಾಗಿ ನೋಡುವುದು ಅವರ ಅಭ್ಯಾಸ. ಕೂದಲು ಮತ್ತೆ ಚಿಗುರುವಷ್ಟರಲ್ಲಿ ಇನ್ನೊಮ್ಮೆ ಸುಟ್ಟುಕೊಂಡಿರುತ್ತಿದ್ದರು. ಅವರು ತೀರಿಕೊಂಡ ಮೇಲೆ ಊರಿನ ಪತ್ರಿಕೆಯಲ್ಲಿ ಬಂದ ಶ್ರದ್ಧಾಂಜಲಿಯ ಫೋಟೋದಲ್ಲಿ ಯಾರೋ ಆ ಹುಬ್ಬನ್ನು ಕಂಪ್ಯೂಟರಿನಲ್ಲಿ ತೀಡಿ ಪೂರ್ತಿ ಮಾಡಿದ್ದರು. ನೋಡಿ ನನಗೆ ಮೈ ಉರಿದುಹೋಯಿತು. ಬದುಕಿದ್ದಾಗ ಆಕೆಯನ್ನು ತಿದ್ದಲು ಹೋಗಿ ಸೋತ ಜನ, ಸತ್ತ ಮೇಲೆ ತಿದ್ದಿ ಕೂರಿಸಿದ್ದರು. ಕೆಳಗೆ ‘ಸರಳ, ಸಜ್ಜನಿಕೆಯ ಸೌಮ್ಯ ಮೂರ್ತಿ’ ಎಂದು ಬರೆದಿತ್ತು. ಸೌಮ್ಯವಂತೆ! ಆಕೆಯ ಬಾಯಿಗೆ ಹೆದರಿ ನಾನೇ ಎಷ್ಟೋ ಸಲ ಕೌಂಟರ್ ಬಿಟ್ಟು ಒಳಕೋಣೆಗೆ ಹೋಗಿ ನಿಂತಿದ್ದೇನೆ.

ಮಧುಗಿರಿಯಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್ ಇದೆ. ನಮ್ಮಪ್ಪ ಶುರು ಮಾಡಿದ್ದು. ಅಂಗಡಿಯ ಮೇಲಿನ ಎರಡು ಕೋಣೆಗೆ ಬಾಡಿಗೆಗೆಂದು ಬಂದವರು ಈ ಮೇಡಂ. ಪಾವಗಡ ತಾಲ್ಲೂಕಿನವರು, ಬಲಸಮುದ್ರದ ಹತ್ತಿರದ ಹಳ್ಳಿ. ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದವರು. ಮೇಡಂ ಮದುವೆ ಮಾಡಿಕೊಂಡಿರಲಿಲ್ಲ. ದೊಡ್ಡ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ದುಡಿದು, ಸ್ವಂತದ್ದೊಂದು ಇರಲಿ ಎಂದು ಇಲ್ಲಿಗೆ ಬಂದಿದ್ದರು. ರಿಪೋರ್ಟಿಗೆ ಸಹಿ ಹಾಕಲು ತುಮಕೂರಿನಿಂದ ವಾರಕ್ಕೆರಡು ಸಲ ಡಾಕ್ಟರೊಬ್ಬರು ಬಂದು ಹೋಗುತ್ತಿದ್ದರು. ಮಿಕ್ಕ ಕೆಲಸವೆಲ್ಲ ಇವರೊಬ್ಬರದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅವರು ಬಂದ ಮೊದಲ ವರ್ಷ, ನಮ್ಮಮ್ಮ ಅವರಿಗೆ ನೀರು ಕೊಡಲು ಬೇರೆ ಲೋಟ ಇಟ್ಟಿದ್ದರು. ಅವರು ಯಾವ ಜಾತಿಯವರೆಂದು ಬಾಡಿಗೆ ಮಾತಾಡುವಾಗಲೇ ಅಮ್ಮನಿಗೆ ತಿಳಿದಿತ್ತು. ಲೋಟ ಕಿಟಕಿಯ ಮೂಲೆಯಲ್ಲಿ ಇರುತ್ತಿತ್ತು. ನಾನು ನೋಡಿದ್ದೆ, ಸುಮ್ಮನಿದ್ದೆ. ಒಂದು ದಿನ ಮೇಡಂ ನೀರು ಕುಡಿದು, ಲೋಟ ತೊಳೆದು, ನೇರವಾಗಿ ಅಡುಗೆಮನೆಗೆ ಹೋಗಿ ಉಳಿದ ಲೋಟಗಳ ನಡುವೆ ಇಟ್ಟು ಬಂದರು. “ಅಮ್ಮಾ, ದಿನಾ ಕ್ರಿಮಿ ನೋಡೋಳು ನಾನು. ತೊಳೆದ ಲೋಟ ಯಾವ್ದು, ತೊಳೀದೇ ಇರೋದು ಯಾವ್ದು ಅಂತ ನಂಗೆ ಗೊತ್ತು ಬುಡಿ” ಅಂದರು. ಅವತ್ತಿನಿಂದ ಲೋಟ ಬೇರೆ ಇಡುವುದು ನಿಂತಿತು. ನಿಲ್ಲಿಸಿದ್ದು ಅವರು, ನಾನಲ್ಲ.

ಅವರ ಕೆಲಸ ಏನೆಂದು ಊರಿನವರಿಗೆ ಬಹಳ ದಿನ ಅರ್ಥವಾಗಲಿಲ್ಲ. ಸಕ್ಕರೆ, ರಕ್ತ, ಮೂತ್ರ ನೋಡುವ ಲ್ಯಾಬುಗಳು ನಮ್ಮಲ್ಲಿ ಬೇಕಾದಷ್ಟಿವೆ. ಇವರು ಕ್ರಿಮಿ ಬೆಳೆಸುತ್ತಿದ್ದರು. ರೋಗಿಯ ಕೀವನ್ನೋ ಮೂತ್ರವನ್ನೋ ತಂದುಕೊಟ್ಟರೆ, ಅದರಲ್ಲಿರುವ ಕ್ರಿಮಿಯನ್ನು ಬೇರೆ ಮಾಡಿ, ಗಂಜಿ ಹೆಪ್ಪುಗಟ್ಟಿದಂತಿರುವ ತಟ್ಟೆಯ ಮೇಲೆ ಹತ್ತಿಯಲ್ಲಿ ತೆಳ್ಳಗೆ ಸವರುತ್ತಿದ್ದರು. ಅದರ ಮೇಲೆ ಒಂದೊಂದು ಔಷಧಿ ಹೀರಿಸಿದ, ಹಣೆಬೊಟ್ಟಿನಷ್ಟಗಲದ ಕಾಗದದ ಬಿಲ್ಲೆಗಳನ್ನು ಇಡುತ್ತಿದ್ದರು. ಒಂದು ರಾತ್ರಿ ಬೆಚ್ಚಗಿಟ್ಟರೆ ಬೆಳಿಗ್ಗೆ ಕ್ರಿಮಿ ತಟ್ಟೆಯ ತುಂಬ ಕೆನೆಯ ಹಾಗೆ ಬೆಳೆದಿರುತ್ತದೆ. ಯಾವ ಔಷಧಿಗೆ ಆ ಕ್ರಿಮಿ ಸಾಯುತ್ತದೋ ಆ ಬಿಲ್ಲೆಯ ಸುತ್ತ ಮಾತ್ರ ದುಂಡಗೆ ಖಾಲಿ ಜಾಗ. ಆ ಜಾಗಕ್ಕೆ ಮೇಡಂ ಇಟ್ಟಿದ್ದ ಹೆಸರು ‘ಅಂಗಳ’. ಶಾಲೆಯ ಮಕ್ಕಳ ಪ್ಲಾಸ್ಟಿಕ್ ಸ್ಕೇಲಿನಲ್ಲಿ ಅದನ್ನು ಅಳೆಯುತ್ತಿದ್ದರು. ಅಂಗಳ ಅಗಲವಾಗಿದ್ದರೆ ಆ ಔಷಧಿ ಕೊಡಬಹುದು. ಅಂಗಳವೇ ಇಲ್ಲದಿದ್ದರೆ ಅದನ್ನು ಎಷ್ಟು ಕೊಟ್ಟರೂ ವ್ಯರ್ಥ.

ತಟ್ಟೆಗೆ ಬೆರೆಸಲು ಕುರಿಯ ರಕ್ತ ಬೇಕಾಗುತ್ತಿತ್ತು. ಅದಕ್ಕಾಗಿ ಶಿರಾ ಕಡೆಯ ಕುರಿಗಾಹಿಯೊಬ್ಬನನ್ನು ಗೊತ್ತು ಮಾಡಿಕೊಂಡಿದ್ದರು. ಅವನು ತಿಂಗಳಿಗೊಮ್ಮೆ ಗೂಡ್ಸ್ ಆಟೋದಲ್ಲಿ ಒಂದೇ ಒಂದು ಕುರಿ ಹಾಕಿಕೊಂಡು ಬರುತ್ತಿದ್ದ. ಮೇಡಂ ಕೆಳಗಿಳಿದು ಬಂದು, ಅದರ ಕುತ್ತಿಗೆ ಸವರಿ, ಬಾಟಲಿಯಷ್ಟು ರಕ್ತ ತೆಗೆದು, ಒಂದು ಕಟ್ಟು ಹುರುಳಿ ಸೊಪ್ಪು ತಿನ್ನಿಸಿ ಕಳಿಸುತ್ತಿದ್ದರು. ಎದುರಿನ ಹೋಟೆಲಿಗೆ ಬಂದವರೆಲ್ಲ ನಿಂತು ನೋಡುತ್ತಿದ್ದರು. ಕರೆಂಟ್ ಹೋದರೆ ಅವರ ತಟ್ಟೆಗಳನ್ನು ಬೆಚ್ಚಗಿಡುವ ಪೆಟ್ಟಿಗೆ ಆರಿಹೋಗುತ್ತಿತ್ತು. ಆಗ ಬಿಸಿನೀರಿನ ಬಾಟಲಿಗಳನ್ನು ಕಂಬಳಿಯಲ್ಲಿ ಸುತ್ತಿ, ತಟ್ಟೆಗಳ ಪಕ್ಕ ಮಲಗಿಸುತ್ತಿದ್ದರು. “ನಮ್ಮೂರ ಜಮೀನೆಲ್ಲಾ ಸೋಲಾರ್ ಪ್ಲೇಟ್ ಹಾಕ್ಕೊಂಡು ಊರಿಗೆಲ್ಲಾ ಕರೆಂಟ್ ಮಾಡ್ತವ್ರಂತೆ. ನನ್ ಪೆಟ್ಟಿಗೆಗೆ ಒಂದ್ ರಾತ್ರಿ ಕರೆಂಟ್ ಕೊಡಕ್ಕಾಗಲ್ವೇನಯ್ಯಾ ಇವ್ರಿಗೆ?” ಎಂದು ಮೆಟ್ಟಿಲ ಮೇಲೆ ನಿಂತು ಕೂಗಾಡುತ್ತಿದ್ದರು. ಕೇಳಿಸಿಕೊಳ್ಳಬೇಕಾದವರು ಯಾರೂ ಅಲ್ಲಿರುತ್ತಿರಲಿಲ್ಲ.

ರಿಪೋರ್ಟ್ ಬೇಗ ಕೊಡಿ ಎಂದು ಯಾರಾದರೂ ಅವಸರ ಮಾಡಿದರೆ, “ಕ್ರಿಮಿ ಏನ್ ನಮ್ಮನೆ ಆಳಾ, ಬಾ ಅಂದ್ರೆ ಬಂದ್ಬುಡಾಕೆ? ನಾಳಿಕ್ ಬಾ” ಅನ್ನುತ್ತಿದ್ದರು. ಒಂದು ದಿನಕ್ಕೆ ಮುಂಚೆ ಅವರಿಂದ ರಿಪೋರ್ಟ್ ಪಡೆದವರನ್ನು ನಾನು ಕಾಣೆ.

ನನಗೂ ಅವರಿಗೂ ಜಗಳ ಬರುತ್ತಿದ್ದುದು ನನ್ನ ಅಂಗಡಿಯ ವಿಚಾರಕ್ಕೆ. ಶೀತ ಆದವನು, ಹಲ್ಲು ನೋವಿನವನು, ಕಾಲಿಗೆ ಮುಳ್ಳು ಚುಚ್ಚಿದವನು, ಎಲ್ಲರೂ ಬಂದು “ಎಲ್ಡ್ ಗಟ್ಟಿ ಮಾತ್ರೆ ಕೊಡಿ” ಎನ್ನುತ್ತಿದ್ದರು. ಚೀಟಿ ಇಲ್ಲದೆಯೇ ನಾನು ಆಂಟಿಬಯೋಟಿಕ್ ಕತ್ತರಿಸಿ ಕೊಡುತ್ತಿದ್ದೆ. ಎಲ್ಲರೂ ಕೊಡುತ್ತಿದ್ದರು. ಮೇಡಂ ಮೆಟ್ಟಿಲಿಳಿಯುವಾಗ ಅದು ಕಣ್ಣಿಗೆ ಬಿದ್ದರೆ ಮುಗಿಯಿತು. ಒಮ್ಮೆ ಗಿರಾಕಿಯ ಕೈಯಿಂದಲೇ ಮಾತ್ರೆ ಕಿತ್ತುಕೊಂಡು ಕೌಂಟರಿನ ಮೇಲೆ ಬಡಿದರು.

“ಎರಡು ಮಾತ್ರೆಗೆ ಯಾವ ಕ್ರಿಮಿ ಸಾಯ್ತದೆ ಹೇಳು? ಅರ್ಧ ಸಾಯ್ತವೆ, ಮಿಕ್ಕವು ಬುದ್ಧಿ ಕಲೀತವೆ. ಆಮೇಲೆ ಅವನ್ನೆಲ್ಲಾ ನನ್ ತಟ್ಟೆ ಮೇಲೆ ನಾನು ನೋಡ್ಬೇಕು.”

“ನಿಮ್ ಕೆಲಸ ಮೇಲೆ, ನನ್ ಕೆಲಸ ಕೆಳಗೆ ಮೇಡಂ. ಅಂಗಡಿಗ್ ಬಂದೋರನ್ನ ಓಡಿಸ್ಬೇಡಿ” ಅಂದೆ ನಾನು, ಸಿಟ್ಟಿನಲ್ಲಿ.

ಸಿಟ್ಟು ಬಂದರೆ ಅವರ ಬಾಯಿಗೆ ಪಾವಗಡದ ತೆಲುಗು ಬರುತ್ತಿತ್ತು. “ಏಮಿ ಮನುಷುಲಯ್ಯಾ ಮೀರು!” ಎಂಥ ಮನುಷ್ಯರಯ್ಯಾ ನೀವು, ಎಂದು. ಹಾಗೆಂದು ಮೇಲೆ ಹತ್ತಿ ಹೋದರು. ಸಂಜೆ ಮತ್ತೆ ಇಳಿದು ಬಂದಾಗ, ಏನೂ ಆಗದವರಂತೆ, “ತಲೆನೋವಿನ ಮಾತ್ರೆ ಒಂದು ಕೊಡಪ್ಪ, ನಿನ್ನಿಂದ ಬಂದಿದ್ದು” ಅಂದರು.

ಹೀಗೇ ಎಂಟು ವರ್ಷ ನಡೆಯಿತು. ಅಷ್ಟರಲ್ಲಿ ಒಬ್ಬ ಬಾಣಂತಿಯ ಕೀವು ಅವರ ಲ್ಯಾಬಿಗೆ ಬಂತು.

ದೊಡ್ಡೇರಿ ಕಡೆಯ ಹುಡುಗಿ. ಹತ್ತಿರದ ಊರೊಂದರ ನರ್ಸಿಂಗ್ ಹೋಮಿನಲ್ಲಿ ಸಿಸೇರಿಯನ್ ಆಗಿ, ಹೊಲಿಗೆ ಕೀವಾಗಿತ್ತು. ಆ ಊರು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಕೀವು ತಂದುಕೊಟ್ಟದ್ದು ಆಕೆಯ ಅಪ್ಪ, ಐವತ್ತೈದು ದಾಟಿದ ರೈತ. ಎರಡು ದಿನದ ಮೇಲೆ ರಿಪೋರ್ಟ್ ತೆಗೆದುಕೊಂಡು, ಹಾಗೇ ಮಗಳಿಗೆ ಬೇಕಾದ ಇಂಜೆಕ್ಷನ್ ಕೊಳ್ಳಲು ನನ್ನ ಅಂಗಡಿಗೆ ಬಂದ. ನರ್ಸಿಂಗ್ ಹೋಮಿನ ಡಾಕ್ಟರ್ ಬರೆಯುತ್ತಿದ್ದ ಆ ಕಂಪನಿಯ ಇಂಜೆಕ್ಷನ್ ಸುತ್ತಮುತ್ತ ನನ್ನ ಬಳಿ ಮಾತ್ರ ಸಿಗುತ್ತಿತ್ತು. ಅವತ್ತು ಮೇಡಂ ಅವನ ಜೊತೆಯಲ್ಲೇ ಕೆಳಗಿಳಿದಿದ್ದರು.

“ಹೆದರ್ಬೇಡಪ್ಪ, ಈ ಇಂಜೆಕ್ಷನ್ಗೆ ಅಂಗಳ ಚೆನ್ನಾಗಿ ಬಿಟ್ಟದೆ. ಇದನ್ನ ಹಾಕಿದ್ರೆ ನಿನ್ ಮಗಳು ಎದ್ ಕೂತ್ಕೋತಾಳೆ” ಎಂದು ರಿಪೋರ್ಟಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು.

ಅವನು ಪಿಳಿಪಿಳಿ ನೋಡಿದ. “ಅಮ್ಮಾ, ಇದ್ನೇ ಅಲ್ವಾ ಆರ್ ದಿನದಿಂದ ಆಕ್ತಿರೋದು? ಜರ ಇಳೀತಾನೇ ಇಲ್ಲ. ಮಗೀಗ್ ಆಲ್ ಕುಡ್ಸಕೂ ಅವ್ಳ್ ಕೈಲಾಯ್ತಿಲ್ಲ.”

“ಇದೇನಾ? ಸರಿಯಾಗಿ ನೋಡಿ ಹೇಳು.”

ಅವನು ಚೀಲದಿಂದ ಖಾಲಿ ಬಾಟಲಿಯೊಂದನ್ನು ತೆಗೆದು ಕೊಟ್ಟ. ಮೇಡಂ ಅದನ್ನು ಬೆಳಕಿಗೆ ಹಿಡಿದು ಚೀಟಿ ಓದಿದರು. ಎರಡು ಸಲ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು.

“ತಟ್ಟೆ ಮೇಲೆ ಕೆಲಸ ಮಾಡಿದ್ದು ಮೈಯಲ್ಲಿ ಯಾಕ್ ಮಾಡ್ತಿಲ್ಲ? ಒಳಗೆ ಕೀವು ಕಟ್ಕೊಂಡಿದ್ರೆ ಔಷಧಿ ಅಲ್ಲಿಗ್ ಮುಟ್ಟಲ್ಲ. ಅದನ್ನ ಡಾಕ್ಟರ್ ನೋಡ್ಬೇಕು. ಇಲ್ಲಾಂದ್ರೆ ಈ ಬಾಟ್ಲಿ ಒಳಗೆ ಔಷಧಿನೇ ಇಲ್ಲ. ಅದನ್ನ ನಾನು ನೋಡ್ತೀನಿ. ಇದು ಬಂದ ಡಬ್ಬಿಯಿಂದ ಇನ್ನೊಂದು ಕೊಡು.”

ಗಿರಾಕಿಗಳ ಎದುರಿಗೆ ಹೀಗೆಂದರೆ ಯಾವ ಅಂಗಡಿಯವನಿಗೆ ರೇಗುವುದಿಲ್ಲ? “ಏನ್ ಮೇಡಂ ಇಂಗಂತೀರಾ? ಬಿಲ್ಲಿರೋ ಮಾಲು. ಏಜೆನ್ಸಿಯೋನು ತಂದಾಕಿರೋದು. ನಾನೇನ್ ಹಿತ್ಲಲ್ ತಯಾರ್ ಮಾಡಿದ್ನಾ?”

“ಬಿಲ್ ನೋಡಿ ಕ್ರಿಮಿ ಸಾಯಲ್ಲ ಕಣಪ್ಪ. ಕೊಡು.”

ಕೊಟ್ಟೆ. ಅವರು ಆ ರೈತನಿಗೆ ಅದೇ ಔಷಧಿಯ ಬೇರೆ ಕಂಪನಿಯ ಬಾಟಲಿಗಳನ್ನು ನನ್ನಿಂದಲೇ ಕೊಡಿಸಿ, “ಇವತ್ತಿಂದ ಇದನ್ನ ಹಾಕಕ್ಕೆ ಹೇಳು. ನಾನು ಹೇಳ್ದೆ ಅನ್ನು. ಹೊಲಿಗೆ ಒಳಗೆ ಕೀವು ಕಟ್ಟಿದ್ಯಾ ನೋಡಿ ಅಂತಾನೂ ಹೇಳು” ಎಂದು ಕಳಿಸಿದರು. ಸಂಜೆ ಅವನು ಫೋನ್ ಮಾಡಿದ. ಡಾಕ್ಟರ್ ಬಾಟಲಿಗಳನ್ನು ಮೇಜಿನಿಂದ ಪಕ್ಕಕ್ಕೆ ತಳ್ಳಿ, “ನಾನ್ ಬರ್ದಿರೋದನ್ನ ತಂದ್ರೆ ಹಾಕ್ತೀನಿ, ಇಲ್ಲಾಂದ್ರೆ ಬೇರೆ ಕಡೆ ಕರ್ಕೊಂಡ್ ಹೋಗು” ಅಂದಿದ್ದರಂತೆ.

ಮಾರನೆಯ ಬೆಳಿಗ್ಗೆ ಮೇಡಂ ನನ್ನನ್ನು ಮೇಲಕ್ಕೆ ಕರೆದರು. ಅಷ್ಟು ವರ್ಷದಲ್ಲಿ ನಾನು ಅವರ ಲ್ಯಾಬಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಹಳಸಿದ ಗಂಜಿಯ ವಾಸನೆ. ಮೇಜಿನ ಮೇಲೆ ಕರಿ ಬಟ್ಟೆ ಹಾಸಿ, ಅದರ ಮೇಲೆ ಮೂರು ತಟ್ಟೆ ಇಟ್ಟಿದ್ದರು. ಪ್ರತಿ ತಟ್ಟೆಯಲ್ಲೂ ಮೂರು ಬಿಲ್ಲೆ. ಒಂದು, ಲ್ಯಾಬಿಗೆಂದೇ ಬರುವ ಸಿದ್ಧ ಬಿಲ್ಲೆ. ಇನ್ನೊಂದಕ್ಕೆ ಬೇರೆ ಕಂಪನಿಯ ಇಂಜೆಕ್ಷನ್ ಹೀರಿಸಿದ್ದರು. ಮೂರನೆಯದಕ್ಕೆ ನನ್ನ ಡಬ್ಬಿಯ ಇಂಜೆಕ್ಷನ್. ಮೊದಲೆರಡರ ಸುತ್ತ ರೂಪಾಯಿ ನಾಣ್ಯದಗಲ ಅಂಗಳ ಬಿಟ್ಟಿತ್ತು. ನನ್ನ ಬಿಲ್ಲೆಯ ಸುತ್ತ ಕೂದಲೆಳೆಯಷ್ಟೂ ಜಾಗವಿರಲಿಲ್ಲ. ಆ ಬಾಣಂತಿಯ ಮೈಯ ಕ್ರಿಮಿ ನನ್ನ ಔಷಧಿಯ ಅಂಚಿನವರೆಗೂ ನಿರಾತಂಕವಾಗಿ ಬೆಳೆದು ನಿಂತಿತ್ತು.

ನನ್ನ ಬಾಯಿಂದ ಬಂದ ಮೊದಲ ಮಾತು ಯಾವುದು ಗೊತ್ತೇ? “ನಿಮ್ದೇ ಏನಾದ್ರೂ ತಪ್ಪಾಗಿರ್ಬೋದಲ್ವಾ ಮೇಡಂ?”

“ಆಗಿರ್ಬೋದು” ಅಂದರು ಅವರು. ಕೋಪ ಮಾಡಿಕೊಳ್ಳಲಿಲ್ಲ. “ಅದಕ್ಕೇ ಮೂರು ತಟ್ಟೆ ಹಾಕ್ದೆ. ಇವತ್ತು ಸಾಯಂಕಾಲ ಇನ್ನು ಮೂರು ನೀನೇ ಹಾಕು. ಈಗ ನಾನು ಆ ಹುಡುಗಿ ಹತ್ರ ಹೋಗ್ಬೇಕು.”

ತಟ್ಟೆಯನ್ನು ಟೇಪಿನಲ್ಲಿ ಬಿಗಿದು, ಊಟದ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ನರ್ಸಿಂಗ್ ಹೋಮಿನಲ್ಲಿ ನಡೆದದ್ದನ್ನು ಆಮೇಲೆ ನನಗೆ ಹೇಳಿದವನು ಆ ರೈತ. ಡಾಕ್ಟರ ಕೋಣೆಯ ಬಾಗಿಲು ಹಾಕಲು ಮೇಡಂ ಬಿಡಲಿಲ್ಲವಂತೆ. ಹೊರಗೆ ಕೂತಿದ್ದ ರೋಗಿಗಳಿಗೆಲ್ಲ ಕಾಣುವಂತೆ ತಟ್ಟೆಯನ್ನು ಮೇಜಿನ ಮೇಲಿಟ್ಟರು.

“ನೀವು ಟೆಕ್ನಿಷಿಯನ್. ಡಾಕ್ಟರ್ ಅಲ್ಲ, ನೆನಪಿರ್ಲಿ” ಅಂದರಂತೆ ಡಾಕ್ಟರು.

“ನೆನಪಿದೆ ಸಾರ್. ಅದಕ್ಕೇ ನಾನು ಸೂಜಿ ಹಾಕಕ್ ಬಂದಿಲ್ಲ, ತಟ್ಟೆ ತೋರ್ಸಕ್ ಬಂದಿದೀನಿ. ಇದು ಆ ಹುಡುಗಿ ಮೈಲಿರೋ ಕ್ರಿಮಿ. ಇದು ನೀವು ಬರೆದ ಇಂಜೆಕ್ಷನ್. ನೀವೇ ನೋಡಿ.”

ಡಾಕ್ಟರು ತಟ್ಟೆಯ ಕಡೆ ಕಣ್ಣೆತ್ತಲಿಲ್ಲ. ಯಾರು ಹೇಳಿಕೊಟ್ಟು ಕಳಿಸಿದರು, ಬೇರೆ ಕಂಪನಿಯವರು ಏನು ಕೊಟ್ಟರು ಎಂದು ಕೇಳಿದರಂತೆ. ಏಳು ದಿನದಿಂದ ಜ್ವರದಲ್ಲಿ ಬೇಯುತ್ತಿರುವ ಹೆಣ್ಣುಮಗಳು ಪಕ್ಕದ ಕೋಣೆಯಲ್ಲಿ ಮಲಗಿರುವಾಗ, ಓದಿದ ಮನುಷ್ಯನ ತಲೆಗೆ ಹೊಳೆದ ಪ್ರಶ್ನೆ ಅದು! ಆ ರೈತ ಮುಂದೆ ಬಂದು, “ಸಾರ್, ನನ್ ಮಗ್ಳುನ್ನ ನಂಗ್ ಕೊಟ್ಬುಡಿ” ಅಂದ. ಹೊರಗಿದ್ದ ಜನ ಎದ್ದು ನಿಂತಿದ್ದರು. ಅಷ್ಟಾದ ಮೇಲೆ ಬಾಟಲಿ ಬದಲಾಯಿತು, ತುಮಕೂರಿನ ಆಸ್ಪತ್ರೆಗೆ ಕಳಿಸಲು ಚೀಟಿಯೂ ಆಯಿತು. ಅಲ್ಲಿ ಹೊಲಿಗೆ ಬಿಚ್ಚಿ ತೊಳೆದು, ಮತ್ತೆ ಹಾಕಿದರು. ಮೂರು ವಾರಕ್ಕೆ ಹುಡುಗಿ ಮಗುವಿನ ಜೊತೆ ಊರಿಗೆ ಬಂದಳು.

ಅವತ್ತು ಸಂಜೆ ಬಸ್ಸಿಳಿದು ಬಂದವರೇ ಮೇಡಂ ನನ್ನನ್ನು ಮೇಲಕ್ಕೆ ಕರೆದೊಯ್ದರು. ಕೈ ತೊಳೆಸಿ, ಬಿಲ್ಲೆಗಳಿಗೆ ಔಷಧಿ ಹೀರಿಸಿ ತಟ್ಟೆಯ ಮೇಲೆ ಇಡುವುದನ್ನು ಹೇಳಿಕೊಟ್ಟರು. “ಯಾವುದು ಯಾವ ಕಂಪನಿದು ಅಂತ ನಂಗೆ ಹೇಳ್ಬೇಡ. ತಟ್ಟೆ ತಳದಲ್ಲಿ ನಿಂಗೊಬ್ಬಂಗೇ ಗೊತ್ತಾಗೋ ಗುರುತು ಹಾಕ್ಕೋ. ನಾಳೆ ನೀನೇ ಓದು” ಅಂದು ಗೋಡೆಯ ಕಡೆ ಮುಖ ಮಾಡಿ ಕೂತರು. ಡಬ್ಬಿಯಿಂದ ಬೇರೆ ಬೇರೆ ಬಾಟಲಿ ತೆಗೆದಿದ್ದೆ, ಒಂದಾದರೂ ಗೆಲ್ಲಲಿ ಎಂದು. ಬೆಳಿಗ್ಗೆ ಓದಿದೆ. ಒಂದೂ ಗೆದ್ದಿರಲಿಲ್ಲ.

“ನನ್ ತಟ್ಟೆಗೆ ಕೋರ್ಟಲ್ಲಿ ಬೆಲೆ ಇಲ್ಲ” ಅಂದರು ಮೇಡಂ. “ಇದು ಅನುಮಾನ ಹುಟ್ಟಿಸಕ್ಕೆ ಸಾಕು, ಅಷ್ಟೇ. ಸರ್ಕಾರದೋರು ಬಂದು, ಡಬ್ಬಿ ಸೀಲ್ ಮಾಡ್ಕೊಂಡು, ಅವ್ರ ಲ್ಯಾಬಲ್ಲಿ ನೋಡ್ಬೇಕು. ನಾನು ಇವತ್ತೇ ದೂರು ಬರೀತೀನಿ. ಅಲ್ಲೀವರ್ಗೂ ಈ ಡಬ್ಬಿ ನಿನ್ನತ್ರ ಭದ್ರವಾಗಿರ್ಲಿ. ಯಾರ್ ಕೇಳಿದ್ರೂ ಕೊಡ್ಬೇಡ.”

“ಕೊಡಲ್ಲ ಮೇಡಂ” ಅಂದೆ. ಆ ಮಾತು ಹೇಳುವಾಗ ಅದರಲ್ಲಿ ಸುಳ್ಳಿರಲಿಲ್ಲ.

ಅದೇ ವಾರ ಕೊರಟಗೆರೆ ಕಡೆಯ ಹೆಣ್ಣುಮಗಳೊಬ್ಬಳು ಅಂಗಡಿಗೆ ಬಂದಳು. ಗಂಡ ದರ್ಜಿ, ಸಕ್ಕರೆ ಕಾಯಿಲೆಯಿಂದ ಕಾಲು ಹುಣ್ಣಾಗಿ ಅದೇ ನರ್ಸಿಂಗ್ ಹೋಮಿನಲ್ಲಿದ್ದ. ಅದೇ ಡಬ್ಬಿಯ ಇಂಜೆಕ್ಷನ್ ನನ್ನಿಂದಲೇ ಒಯ್ದಿದ್ದಳು. ಅವನು ತೀರಿಕೊಂಡು ನಾಲ್ಕು ದಿನವಾಗಿತ್ತು. ಮಿಕ್ಕಿದ್ದ ಎರಡು ಬಾಟಲಿಗಳನ್ನು ಸೆರಗಿನಿಂದ ಬಿಚ್ಚಿ ಕೌಂಟರಿನ ಮೇಲಿಟ್ಟಳು. “ದುಡ್ಡೇನ್ ಬ್ಯಾಡ ಸಾಮಿ. ಇನ್ಯಾರಾದ್ರೂ ಇಲ್ದೋರ್ಗೆ ಕೊಡಿ, ಅವ್ರಾದ್ರೂ ಉಳ್ಕಳ್ಳಿ” ಅಂದಳು.

ಅವನನ್ನು ಆ ಇಂಜೆಕ್ಷನ್ನೇ ಕೊಂದಿತು ಎಂದು ನಾನು ಹೇಳಲಾರೆ. ಆ ಕಾಲು ಬಹಳ ಕೆಟ್ಟಿತ್ತು, ಒಳ್ಳೆಯ ಔಷಧಿಗೂ ಉಳಿಯುತ್ತಿರಲಿಲ್ಲವೇನೋ. ಆದರೆ ಅವನ ಮೈಗೆ ಹೋದದ್ದರಲ್ಲಿ ಔಷಧಿ ಇರಲಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಆಕೆಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ. ಆ ಎರಡು ಬಾಟಲಿಗಳನ್ನು ತೆಗೆದುಕೊಂಡು ಡಬ್ಬಿಯೊಳಗಿಟ್ಟೆ.

ದೂರು ಹೋದ ಹದಿನೈದು ದಿನಕ್ಕೆ, ಆ ಇಂಜೆಕ್ಷನ್ ತಂದು ಹಾಕಿದ್ದ ಏಜೆನ್ಸಿಯವನು ಬಂದ. ಅಧಿಕಾರಿಗಳಿಗಿಂತ ಮುಂಚೆ ಅವನಿಗೆ ಹೇಗೆ ಸುದ್ದಿ ಮುಟ್ಟಿತೋ ದೇವರೇ ಬಲ್ಲ. ಬಹಳ ವರ್ಷದ ಪರಿಚಯ, ನಮ್ಮವನೇ. ಕಾಫಿ ತರಿಸಿಕೊಂಡು ಕುಡಿದ. ಕಂಪನಿಯೇ ಆ ಮಾಲನ್ನು ವಾಪಸು ತರಿಸಿಕೊಳ್ಳುತ್ತಿದೆ, ಎಲ್ಲ ಅಂಗಡಿಯಿಂದಲೂ ಎತ್ತಿಕೊಂಡಾಯಿತು, ನಿನ್ನದೊಂದೇ ಬಾಕಿ ಎಂದ. ನಾನು ಹಿಂಜರಿದೆ. ಅವನು ದನಿ ತಗ್ಗಿಸಿದ.

“ನಾಳೆಯಿಂದ ನಿನ್ನ ಅಂಗಡಿಗೆ ಯಾವ್ ಏಜೆನ್ಸಿ ಮಾಲೂ ಬರಲ್ಲ, ನೋಡ್ಕೋ. ಅಲ್ಲಾ ಕಣಯ್ಯ, ಅವ್ರ್ ಜನದೋರ್ ಮಾತ್ ಕಟ್ಕೊಂಡು ನಮ್ಮೋರ್ ಮೇಲೆ ಕೇಸ್ ಹಾಕಿಸ್ತೀಯಾ? ನಿಮ್ಮಪ್ಪ ಇದ್ದಿದ್ರೆ ಇಂಗ್ ಮಾಡ್ತಿದ್ರಾ?”

ಆ ಮಾತಿಗೆ ಅವನನ್ನು ಕುತ್ತಿಗೆ ಹಿಡಿದು ಆಚೆ ನೂಕಬೇಕಿತ್ತು. ನಾನು ಡಬ್ಬಿ ತೆಗೆದು ಕೊಟ್ಟೆ. ದರ್ಜಿಯ ಹೆಂಡತಿ ತಂದಿಟ್ಟ ಎರಡು ಬಾಟಲಿಗಳ ಸಮೇತ ಕೊಟ್ಟೆ.

ಔಷಧ ನಿಯಂತ್ರಣ ಇಲಾಖೆಯ ಅಧಿಕಾರಿ ಬಂದದ್ದು ಅದಾದ ಮೇಲೆ ಒಂದು ತಿಂಗಳಿಗೆ. ಕಪಾಟು ನೋಡಿ, ‘ದಾಸ್ತಾನು ಇಲ್ಲ’ ಎಂದು ಬರೆದುಕೊಂಡರು. ಲ್ಯಾಬಿಗೆ ಹೋಗಿ, ಇಂಥ ಪರೀಕ್ಷೆ ಮಾಡಲು ನಿಮಗೆ ಅಧಿಕಾರ ಕೊಟ್ಟವರು ಯಾರು ಎಂದು ಮೇಡಂ ಅವರನ್ನೇ ಕೇಳಿದರು. ಪ್ರಶ್ನೆಗಳೆಲ್ಲ ಆಕೆಗೇ. ಇಂಜೆಕ್ಷನ್ ತಯಾರಿಸಿದವನನ್ನು, ಮಾರಿದವನನ್ನು, ಬರೆದವನನ್ನು ಯಾರೂ ಏನೂ ಕೇಳಲಿಲ್ಲ. ಅಧಿಕಾರಿ ಹೋದ ಮೇಲೆ ಮೇಡಂ ಕೆಳಗೆ ಬಂದು ನನ್ನೆದುರು ನಿಂತರು. ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ. ಬೈಯಲಿಲ್ಲ.

“ಹೋಗ್ಲಿ. ಒಂದ್ ಕಾಗ್ದ ಬರ್ದ್ಕೊಡು. ಡಬ್ಬಿ ಇತ್ತು, ನಾನ್ ಮಾರಿದ್ದೆ, ತಟ್ಟೆ ನಾನೇ ಹಾಕಿ ನಾನೇ ಓದಿದೆ ಅಂತ. ಅಷ್ಟ್ ಸಾಕು.”

“ನೋಡೋಣ ಮೇಡಂ” ಅಂದೆ.

ಅವರು ಎರಡನೆಯ ಸಲ ಕೇಳಲಿಲ್ಲ. ನಾನು ಮೂರು ವರ್ಷ ಬರೆಯಲಿಲ್ಲ.

ಆ ಮೂರು ವರ್ಷದಲ್ಲಿ ಅವರಿಗೆ ಏನಾಯಿತೆಂದರೆ, ಡಾಕ್ಟರುಗಳು ಒಬ್ಬೊಬ್ಬರಾಗಿ ಸ್ಯಾಂಪಲ್ ಕಳಿಸುವುದನ್ನು ನಿಲ್ಲಿಸಿದರು. ‘ಆಕೆಯ ತಟ್ಟೆಗಳು ಶುದ್ಧವಿರುವುದಿಲ್ಲ’ ಎಂದು ಸುದ್ದಿ ಹಬ್ಬಿಸಿದರು. ‘ಶುದ್ಧ’ ಎಂಬ ಪದವನ್ನು ಯಾವ ಅರ್ಥದಲ್ಲಿ ಬಳಸುತ್ತಿದ್ದಾರೆಂದು ಕೇಳಿದವರಿಗೆಲ್ಲ ಗೊತ್ತಾಗುತ್ತಿತ್ತು. ಕುರಿಯವನು ಬರುವುದು ಎರಡು ತಿಂಗಳಿಗೊಮ್ಮೆಯಾಯಿತು, ಆಮೇಲೆ ನಿಂತಿತು. ಆದರೆ ಸರ್ಕಾರಿ ನರ್ಸುಗಳು, ಹಳ್ಳಿಯ ಆಶಾ ಕಾರ್ಯಕರ್ತೆಯರು, ನನ್ನಂಥ ಒಂದಿಬ್ಬರು ಅಂಗಡಿಯವರು ಕೂಡ, ಅನುಮಾನ ಬಂದ ಬಾಟಲಿಗಳನ್ನು ಚೀಲದ ತಳದಲ್ಲಿಟ್ಟುಕೊಂಡು ಸದ್ದಿಲ್ಲದೆ ಮೇಲೆ ಹತ್ತುತ್ತಿದ್ದರು. ಮೇಡಂ ಎಲ್ಲರಿಗೂ ನೋಡಿ ಹೇಳುತ್ತಿದ್ದರು. ಬಂದ ಬಾಟಲಿಗಳಲ್ಲಿ ಬಹುಪಾಲು ಸರಿಯಾಗಿಯೇ ಇರುತ್ತಿದ್ದವು. “ಚೆನ್ನಾಗದೆ, ಧೈರ್ಯವಾಗಿ ಹಾಕು ಹೋಗಮ್ಮ” ಎಂದು ಹೇಳುವಾಗ ಅವರ ಮುಖ ಅರಳುತ್ತಿತ್ತು. ಯಾರನ್ನೋ ಹಿಡಿದು ಹಾಕಬೇಕೆಂಬ ಹಟ ಅವರಿಗೆ ಇರಲಿಲ್ಲ. ಔಷಧಿ ಕೆಲಸ ಮಾಡಬೇಕು, ಅಷ್ಟೇ.

ಹೋದ ಯುಗಾದಿಗೆ ತಂಗಿಯ ಮನೆಗೆಂದು ಬಲಸಮುದ್ರದ ಕಡೆ ಹೋದವರು ಅಲ್ಲೇ ಎದೆನೋವು ಬಂದು ಹೋಗಿಬಿಟ್ಟರು. ಪಾವಗಡದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಇರಲಿ‍ಲ್ಲವಂತೆ. ನಾನು ಮಣ್ಣಿಗೆ ಹೋಗಿ ಬಂದೆ.

ಹತ್ತು ದಿನಕ್ಕೆ ಮಧುಗಿರಿಯಲ್ಲಿ ಶ್ರದ್ಧಾಂಜಲಿ ಸಭೆ ಮಾಡಿದರು. ಮಾಡಿದವರು ಯಾರು? ಸ್ಯಾಂಪಲ್ ನಿಲ್ಲಿಸಿದವರೇ. ವೇದಿಕೆಯ ಮೇಲೆ ಆ ನರ್ಸಿಂಗ್ ಹೋಮಿನ ಡಾಕ್ಟರು ಕೂತಿದ್ದರು. ಮೈಕು ಹಿಡಿದು, “ನಮ್ಮ ಮನೆಯ ಮಗಳಂತಿದ್ದರು” ಎಂದರು. ಫೋಟೋಗೆ ಹಾರ ಹಾಕಿದವನು ಏಜೆನ್ಸಿಯವನು. ಹಾರ ಹಾಕಿ, ಒಂದು ನಿಮಿಷ ಕಣ್ಣು ಮುಚ್ಚಿ ನಿಂತ. ಆಮೇಲೆ ನನ್ನ ಹೆಸರು ಕರೆದರು. ಕಟ್ಟಡದ ಮಾಲೀಕರು, ಎರಡು ಒಳ್ಳೆಯ ಮಾತು ಆಡಲಿ ಎಂದು.

ನನ್ನ ಜೇಬಿನಲ್ಲಿ ಕಾಗದವಿತ್ತು. ಮೇಡಂ ಕೇಳಿದ್ದ ಕಾಗದ. ಅವತ್ತು ಬೆಳಿಗ್ಗೆ ಕೂತು ಬರೆದಿದ್ದೆ. ಒಳ್ಳೆಯ ಮಾತು ನನಗೆ ಬರಲಿಲ್ಲ, ಕಾಗದ ಓದಿದೆ. ಡಬ್ಬಿ ನನ್ನ ಅಂಗಡಿಯಲ್ಲಿತ್ತು, ನಾನೇ ಮಾರಿದ್ದೆ, ತಟ್ಟೆ ನಾನೇ ಹಾಕಿದೆ, ಅದರಲ್ಲಿ ಔಷಧಿ ಇರಲಿಲ್ಲ, ಅದು ಗೊತ್ತಿದ್ದೂ ಡಬ್ಬಿಯನ್ನು ವಾಪಸು ಕೊಟ್ಟೆ, ತೆಗೆದುಕೊಂಡವನು ಏಜೆನ್ಸಿಯವನು ಎಂದು ಓದಿ, ವೇದಿಕೆಯ ಮೇಲೆ ಹಾರದ ಪಕ್ಕ ನಿಂತಿದ್ದ ಅವನ ಕಡೆ ಕೈ ತೋರಿಸಿದೆ. ಅಲ್ಲಿಗೆ ಯಾರೋ ಮೈಕಿನ ವಯರು ಕಿತ್ತರು. “ಕೂತ್ಕೊಳಯ್ಯ, ಇದು ಸತ್ತೋರ್ ಸಭೆ” ಎಂದು ಕೂಗಿದರು. ಮೈಕಿಲ್ಲದೆಯೇ ಮಿಕ್ಕದ್ದನ್ನು ಓದಿ ಮುಗಿಸಿದೆ. ದರ್ಜಿಯ ಹೆಂಡತಿ ತಂದುಕೊಟ್ಟ ಎರಡು ಬಾಟಲಿಗಳ ವಿಷಯ ಕೊನೆಯ ಸಾಲಿನಲ್ಲಿತ್ತು. ಏಜೆನ್ಸಿಯವನು ಪಕ್ಕದ ಬಾಗಿಲಿನಿಂದ ಇಳಿದುಹೋದ.

ಸಭೆ ಗದ್ದಲವಾಗಿತ್ತು. ಕೊನೆಯ ಸಾಲಿನಲ್ಲಿ ದೊಡ್ಡೇರಿಯ ಆ ರೈತ ಎದ್ದು ನಿಂತ. ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದ. ಮೂರು ತುಂಬಿದ ಮಗು. ಅವನು ಕೂಗಲಿಲ್ಲ. ಆದರೂ ಗದ್ದಲ ತಾನಾಗಿ ನಿಂತಿತು.

“ಸಾಮಿ, ಆ ಡಬ್ಬಿ ಅವತ್ತು ನೀವು ಮಡಿಕ್ಕೊಂಡಿದ್ರೆ, ಅದ್ನ ತಂದಾಕ್ದೋರು ಸಿಕ್ಕಾಕ್ಕೊಳ್ತಿದ್ರಾ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೇಳಲಾಗದು, ಅದು ಕೋರ್ಟಿನ ವಿಷಯ, ಸರ್ಕಾರದ ಲ್ಯಾಬಿನ ವಿಷಯ ಎಂದು ಜಾರಿಕೊಳ್ಳಲು ದಾರಿಯಿತ್ತು.

“ಸಿಕ್ಕಾಕ್ಕೊಳ್ತಿದ್ರು” ಅಂದೆ.